ಪದಚರ್ಚೆ: ‘ಜಿಯೋಕ್ಯಾಶ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೇ,

ಗುಂಡಿಗಳಿರುವ ಸಾದಾ ಮೊಬೈಲಿನಲ್ಲಿ, ಇಂಟರ್‌ನೆಟ್ ಇಲ್ಲದ ಕಡೆಯಲ್ಲೂ, ಜಿಯೋಕ್ಯಾಶಿಂಗ್ ಆಟದ ಕಡತಗಳನ್ನು ತೆರೆದು ಓದಿಸುವ ಒಂದು ಚಿಕ್ಕ ಜಾವಾ ತಂತ್ರಾಂಶಕ್ಕೆ ಕನ್ನಡದ ಪರದೆಪದಗಳನ್ನೂ ನಾಲ್ಕು ಪುಟಗಳ ಕೈಪಿಡಿಯನ್ನೂ ಬರೆಯುವ ಕೆಲಸದಲ್ಲಿ ಕೆಲವು ವಾರಗಳಿಂದ ತೊಡಗಿದ್ದೇನೆ. ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಇಟ್ಟು ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರೆ, ಉಳಿದವರು ಉಪಗ್ರಹಗಳ ನೆರವಿನಿಂದ ಜಾಗ ತೋರಿಸುವ ಜಿಪಿಎಸ್ ಹಿಡಿದು ಅದನ್ನು ಹುಡುಕುವ ಆಟವಿದು. ಕೆಲಸದ ಮುಕ್ಕಾಲು ಪಾಲು ಸರಾಗವಾಗಿ ಸಾಗಿತು. ಆದರೆ ಎಲ್ಲಕ್ಕಿಂತ ಮೊದಲು ಬೇಕಾದ ಪದವೇ ಇನ್ನೂ ಗಟ್ಟಿಯಾಗಿ ನಿಂತಿಲ್ಲ. ಆಟದಲ್ಲಿ ಒಬ್ಬರು ಇಟ್ಟುಹೋಗಿ ಇನ್ನೊಬ್ಬರು ಹುಡುಕುವ ವಸ್ತುವನ್ನು ಇಂಗ್ಲಿಷಿನಲ್ಲಿ ‘ಕ್ಯಾಶ್’ ಎನ್ನುತ್ತಾರೆ. ಅದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂಬುದೇ ನನ್ನ ಪ್ರಶ್ನೆ.

ಇದ್ದ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದುಬಿಡಬಹುದಲ್ಲ ಎಂದು ಮೊದಲು ನನಗೂ ಅನ್ನಿಸಿತ್ತು. ಹಾಗೆಯೇ ಮಾಡಿ ನೋಡಿದೆ. ಇಂಗ್ಲಿಷಿನಲ್ಲಿ ಕಾಗುಣಿತ ಬೇರೆ ಇರುವುದರಿಂದ ಅಡಗಿಸಿಟ್ಟ ವಸ್ತು ಬೇರೆ, ನಗದು ಹಣ ಬೇರೆ ಎಂಬುದು ಕಣ್ಣಿಗೇ ತಿಳಿಯುತ್ತದೆ. ನಮ್ಮ ಲಿಪಿಯಲ್ಲಿ ಎರಡೂ ‘ಕ್ಯಾಶ್’ ಆಗಿ ಒಂದರೊಳಗೊಂದು ಕರಗಿಹೋಗುತ್ತವೆ. ‘ಹತ್ತಿರದ ಕ್ಯಾಶ್’ ಎಂಬ ಸಾಲನ್ನು ಪರದೆಯ ಮೇಲೆ ಕಂಡ ಯಾರಿಗಾದರೂ ಬ್ಯಾಂಕಿನ ಹಣದ ಯಂತ್ರವೇ ನೆನಪಿಗೆ ಬರುತ್ತದೆ. ಸಾಲದ್ದಕ್ಕೆ ಕಂಪ್ಯೂಟರಿನವರ ‘ಕ್ಯಾಶ್’ ಬೇರೆ ಇದೆ, ಅಂದರೆ ಮತ್ತೆ ಬೇಕಾದೀತೆಂದು ಸ್ಮರಣೆಯಲ್ಲಿ ತಾತ್ಕಾಲಿಕವಾಗಿ ಇರಿಸಿಕೊಂಡ ಮಾಹಿತಿ. ನಮ್ಮ ತಂತ್ರಾಂಶದಲ್ಲಿ ಆ ಅರ್ಥವೂ ಬಳಕೆಯಲ್ಲಿರುವುದರಿಂದ, ‘ಕ್ಯಾಶ್ ಅಳಿಸು’ ಎಂಬ ಆಯ್ಕೆಯನ್ನು ಒತ್ತಿದರೆ ತಾತ್ಕಾಲಿಕ ಮಾಹಿತಿ ಅಳಿಯುತ್ತದೋ, ಪಟ್ಟಿಯಲ್ಲಿರುವ ಗುರಿಯೇ ಅಳಿದುಹೋಗುತ್ತದೋ ಎಂಬುದು ಬರೆದವನಾದ ನನಗೇ ಒಂದು ಕ್ಷಣ ಹೊಳೆಯಲಿಲ್ಲ.

ಈ ಆಟಕ್ಕೆ ಹೆಸರು ಬಂದ ಬಗೆಯೇ ನಮಗೆ ದಾರಿ ತೋರಿಸೀತು. 2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರವು ಜಿಪಿಎಸ್ ಸಂಕೇತಗಳಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ತೆಗೆದುಹಾಕಿತು. ಸಾಮಾನ್ಯ ಜನರ ಕೈಯಲ್ಲಿದ್ದ ಉಪಕರಣಗಳೂ ಒಮ್ಮೆಲೇ ನಿಖರವಾದವು. ಅದನ್ನು ಪರೀಕ್ಷಿಸಲೆಂದು ಡೇವ್ ಅಲ್ಮರ್ ಎಂಬವರು ಮೇ 3ರಂದು ಆರಿಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಕಪ್ಪು ಬಕೆಟ್ಟಿನಲ್ಲಿ ಕೆಲವು ಸಾಮಾನುಗಳನ್ನು ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಆಗ ಅದನ್ನು ಕರೆದದ್ದು ‘ಸ್ಟ್ಯಾಶ್’ ಎಂದು. ಆ ಪದಕ್ಕೆ ಕದ್ದುಮುಚ್ಚಿ ಇಟ್ಟ ಮಾಲಿನ ವಾಸನೆ ಇದೆಯೆಂದು ಆಡುವವರಲ್ಲೇ ಆಕ್ಷೇಪ ಹುಟ್ಟಿ, ಅದೇ ತಿಂಗಳ 30ರಂದು ಮ್ಯಾಟ್ ಸ್ಟಮ್ ಎಂಬವರು ‘ಜಿಯೋಕ್ಯಾಶಿಂಗ್’ ಎಂಬ ಹೆಸರನ್ನು ಸೂಚಿಸಿದರು. ಮರೆಮಾಡು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದ ಪದ ಅದು. ಕಾಡುಮೇಡು ಅಲೆಯುವವರು ಮುಂದಿನ ಪ್ರಯಾಣಕ್ಕೆಂದು ಆಹಾರ ಸಾಮಗ್ರಿಯನ್ನು ಬಚ್ಚಿಡುವ ಜಾಗಕ್ಕೆ ಬಳಕೆಯಲ್ಲಿತ್ತು. ಹೆಸರಿನ ವಾಸನೆ ಆಟಕ್ಕೆ ಹತ್ತಬಾರದೆಂಬ ಎಚ್ಚರ ಅವರಿಗೆ ಒಂದೇ ತಿಂಗಳಲ್ಲಿ ಮೂಡಿತ್ತು. ನಾವೂ ಅಷ್ಟೇ ಎಚ್ಚರ ವಹಿಸಬೇಕೆಂದು ನನ್ನ ಆಗ್ರಹ.

ಏಕೆಂದರೆ ಕನ್ನಡದಲ್ಲಿ ಇದಕ್ಕೆ ಎಲ್ಲರ ಬಾಯಿಗೂ ಮೊದಲು ಬರುವ ಪದ ‘ನಿಧಿ’. ‘ನಿಧಿಶೋಧ’, ‘ನಿಧಿಬೇಟೆ’ ಎಂಬ ಅನುವಾದಗಳನ್ನು ಇಬ್ಬರು ಗೆಳೆಯರು ಸೂಚಿಸಿದ್ದಾರೆ. ಮಕ್ಕಳ ಕಥೆಯಲ್ಲಿ ಈ ಪದ ಸೊಗಸಾಗಿಯೇ ಇರುತ್ತದೆ. ಆದರೆ ನಮ್ಮ ಊರುಗಳಲ್ಲಿ ‘ನಿಧಿ’ ಎಂದೊಡನೆ ನೆನಪಾಗುವುದು ಅಮಾವಾಸ್ಯೆಯ ರಾತ್ರಿ ಹಾಳು ದೇಗುಲದ ಗರ್ಭಗುಡಿಯನ್ನು ಅಗೆದು, ಬಸವನ ವಿಗ್ರಹವನ್ನು ಒಡೆದು, ವೀರಗಲ್ಲನ್ನು ಕಿತ್ತು ಉರುಳಿಸಿ ಹೋಗುವ ನಿಧಿಗಳ್ಳರು. ಜೊತೆಗೆ, ಕಾನೂನಿನ ಪ್ರಕಾರ, ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕೈಯಲ್ಲಿ ಮೊಬೈಲು ಹಿಡಿದು ಬೆಟ್ಟದ ಬುಡದಲ್ಲಿ ಕಲ್ಲುಸಂದುಗಳನ್ನು ಇಣುಕಿ ನೋಡುತ್ತಿರುವ ಹುಡುಗನೊಬ್ಬ, ಊರವರು ವಿಚಾರಿಸಿದಾಗ ‘ನಿಧಿ ಹುಡುಕುತ್ತಿದ್ದೇನೆ’ ಎಂದರೆ ಅವನ ಪಾಡೇನಾದೀತು? ಅದಕ್ಕಿಂತ ದೊಡ್ಡ ಆಕ್ಷೇಪ ಅರ್ಥದ್ದು. ಈ ಆಟದ ಈಗಿನ ನಿಯಮಗಳು ಜಾಗದ ಒಡೆಯರ ಸ್ಪಷ್ಟ ಅನುಮತಿಯಿಲ್ಲದೆ ನೆಲ ಅಗೆದು ಹೂಳುವುದನ್ನು ಒಪ್ಪುವುದಿಲ್ಲ. ಡಬ್ಬಿಯೊಳಗೆ ಬೆಲೆಬಾಳುವುದೇನೂ ಇರುವುದೂ ಇಲ್ಲ. ಹುಡುಕಿದವರು ಒಳಗಿರುವ ಚಿಕ್ಕ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲಿಯೇ, ಇದ್ದ ಹಾಗೆಯೇ ಮರಳಿ ಇಟ್ಟುಬರುತ್ತಾರೆ. ನಿಧಿಯನ್ನು ಹಾಗೆ ಯಾರೂ ಮರಳಿ ಇಡುವುದಿಲ್ಲ.

ನಿಧಿಯನ್ನು ಬಿಟ್ಟ ಮೇಲೆ ನನ್ನ ಮನಸ್ಸು ನಿಂತದ್ದು ‘ನಿಕ್ಷೇಪ’ದ ಮೇಲೆ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಭೂಮಿಯೊಡನೆ ಕೊಡುವ ಅಷ್ಟಭೋಗಗಳನ್ನು ‘ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ’ ಎಂದು ಎಣಿಸುವುದನ್ನು ನೀವೆಲ್ಲ ಓದಿರುತ್ತೀರಿ. ನಿಧಿಯ ಪಕ್ಕದಲ್ಲೇ ನಿಕ್ಷೇಪವನ್ನು ಬೇರೆಯಾಗಿ ಹೇಳಬೇಕಾಯಿತೆಂದರೆ ಎರಡಕ್ಕೂ ಭೇದವಿತ್ತೆಂದೇ ಅರ್ಥ. ಧರ್ಮಶಾಸ್ತ್ರದ ಹದಿನೆಂಟು ವ್ಯವಹಾರಪದಗಳಲ್ಲಿಯೂ, ಅಂದರೆ ವ್ಯಾಜ್ಯದ ವಿಷಯಗಳಲ್ಲಿಯೂ, ನಿಕ್ಷೇಪ ಒಂದು. ಅಲ್ಲಿ ಅದು ಒಬ್ಬರನ್ನು ನಂಬಿ ಒಪ್ಪಿಸಿಟ್ಟ ವಸ್ತು. ನಂಬಿ ಇಟ್ಟದ್ದು ಎಂಬ ಆ ಭಾವ ಈ ಆಟಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಆದರೆ ಇಂದಿನ ಪತ್ರಿಕೆಗಳ ಕನ್ನಡದಲ್ಲಿ ನಿಕ್ಷೇಪವೆಂದರೆ ಚಿನ್ನದ ಅಥವಾ ಕಬ್ಬಿಣದ ಅದಿರಿನ ನಿಕ್ಷೇಪ, ನೆಲದಡಿಯ ಗಣಿ. ‘ಹತ್ತಿರದ ನಿಕ್ಷೇಪ: 400 ಮೀಟರ್’ ಎಂದು ಮೊಬೈಲು ತೋರಿಸಿದರೆ ಸಂಡೂರಿನಲ್ಲಿ ಅದನ್ನು ಓದುವವರಿಗೆ ಏನನ್ನಿಸೀತೆಂದು ಯೋಚಿಸಿ, ಒಲ್ಲದ ಮನಸ್ಸಿನಿಂದ ಇದನ್ನೂ ಬದಿಗಿಟ್ಟೆ.

ಸಂಸ್ಕೃತದಿಂದ ಇತ್ತ ತಿರುಗಿದರೆ ಕನ್ನಡದಲ್ಲಿ ಕ್ರಿಯಾಪದಗಳ ಸಮೃದ್ಧಿಯೇ ಇದೆ, ಮತ್ತು ಒಂದೊಂದಕ್ಕೂ ಒಂದೊಂದು ಛಾಯೆ ಇದೆ. ಅವಿತುಕೊಳ್ಳುವುದು ಮನುಷ್ಯ ಅಥವಾ ಪ್ರಾಣಿ, ಡಬ್ಬಿ ಅವಿತುಕೊಳ್ಳದು. ಹೂಳುವುದಕ್ಕೆ, ಧಾರವಾಡದ ಕಡೆಯ ಮಾತಿನಲ್ಲಿ ಹುಗಿಯುವುದಕ್ಕೆ, ಮಣ್ಣು ಬೇಕು. ಮರೆಮಾಡುವುದೆಂದರೆ ಕಣ್ಣಿಗೆ ಅಡ್ಡವಾಗಿ ಏನನ್ನೋ ಹಿಡಿಯುವುದು. ಅಲ್ಲಿ ವಸ್ತುವನ್ನು ಇಟ್ಟುಹೋಗುವ ಮಾತಿಲ್ಲ. ಮುಚ್ಚಿಡುವುದರಲ್ಲಿ ವಿಷಯವನ್ನು ಹೇಳದೆ ಇರುವ ಕಪಟದ ನೆರಳಿದೆ. ಇವೆಲ್ಲಕ್ಕಿಂತ ಹತ್ತಿರದ್ದು ‘ಬಚ್ಚಿಡು’. ವಚನಗಳಲ್ಲಿ ‘ಬಯ್ಚಿಡು’ ಎಂದು ಕಾಣುವ ಪದವೇ ಇದು. ಬೇಕಾದಾಗ ಸಿಗಲಿ ಎಂದು ಜೋಪಾನವಾಗಿ, ಕಾಣದಂತೆ ಇಡುವುದು ಅದರ ಅರ್ಥ. ಅಜ್ಜಿ ಮೊಮ್ಮಗನಿಗೆಂದು ಕಡಲೆ ಉಂಡೆಯನ್ನು ಅಕ್ಕಿಯ ಡಬ್ಬದ ಹಿಂದೆ ಬಚ್ಚಿಡುತ್ತಾಳೆ. ಅದು ಅವನಿಗೆ ಸಿಗಬೇಕು, ಬೇರೆಯವರಿಗೆ ಸಿಗಬಾರದು ಎಂಬುದೇ ಅವಳ ಆಸೆ. ಈ ಆಟದವರ ಆಸೆಯೂ ಅದೇ.

ಹಾಗಾಗಿ ಕೈಪಿಡಿಯಲ್ಲಿ ‘ಬಚ್ಚಿಟ್ಟ ಡಬ್ಬಿ’ ಎಂದೂ, ಪರದೆಯ ಮೇಲೆ ಬರಿಯ ‘ಡಬ್ಬಿ’ ಎಂದೂ ಸದ್ಯಕ್ಕೆ ಬರೆದಿದ್ದೇನೆ. ಪರದೆಯ ಅಗಲ 128 ಚುಕ್ಕೆಗಳಷ್ಟೇ; ಉದ್ದದ ಪದ ಅರ್ಧಕ್ಕೇ ತುಂಡಾಗುತ್ತದೆ. ಅದಲ್ಲದೆ ಇಂಥ ಹಳೆಯ ಮೊಬೈಲುಗಳಲ್ಲಿ ಹಲವಕ್ಕೆ ಒತ್ತಕ್ಷರಗಳನ್ನು ಕೂಡಿಸಲು ಬಾರದು. ನಾನು ಪರೀಕ್ಷಿಸಿದ ಒಂದರಲ್ಲಿ ‘ಡಬ್ಬಿ’ಯ ಎರಡು ಬಕಾರಗಳು ಅಕ್ಕಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತಿದ್ದವು. ಒತ್ತಿಲ್ಲದ ಪದ ಸಿಕ್ಕರೆ ಒಳ್ಳೆಯದೆಂದು ‘ಕರಡಿಗೆ’ಯನ್ನು ಯೋಚಿಸಿದೆ. ಮುಚ್ಚಳವಿರುವ ಪುಟ್ಟ ಪೆಟ್ಟಿಗೆಗೆ ಎಷ್ಟು ಅಂದದ ಪದ! ಆದರೆ ಅದು ಇಷ್ಟಲಿಂಗದ ಕರಡಿಗೆಯೊಡನೆ ಬೆಸೆದುಕೊಂಡಿದೆ, ಆ ಗೌರವಕ್ಕೆ ಚ್ಯುತಿ ತರಲು ಮನಸ್ಸಿಲ್ಲ. ಕಾಡಿನ ದಾರಿಯಲ್ಲಿ ‘ಕರಡಿಗೆ ದೂರ 200 ಮೀಟರ್’ ಎಂಬ ಸಾಲಿಗೆ ಬೇರೆಯೇ ಅರ್ಥ ಬಂದೀತೆಂಬ ಅಂಜಿಕೆಯೂ ಇದೆ. ‘ಭರಣಿ’ ಎಂದರೆ ಉಪ್ಪಿನಕಾಯಿಯ ಪಿಂಗಾಣಿ ಪಾತ್ರೆಯೇ ಕಣ್ಣಿಗೆ ಕಟ್ಟುತ್ತದೆ.

ಉಳಿದ ಪದಗಳಲ್ಲಿ ಹೆಚ್ಚಿನವು ಇಷ್ಟು ಕಾಡಲಿಲ್ಲ. ಫೈಲಿಗೆ ‘ಕಡತ’ ಎಂದೇ ಬಳಸಿದ್ದೇನೆ. ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು, ಬಳಪದಿಂದ ಬರೆದು, ಮಡಿಚಿ ಒಯ್ಯುತ್ತಿದ್ದ ಕಡತಕ್ಕೂ, ಮೆಮೊರಿ ಕಾರ್ಡಿಗೆ ಇಳಿಸಿಕೊಂಡು ಜೇಬಿನಲ್ಲಿ ಒಯ್ಯುವ, ಜಾಗಗಳ ಅಕ್ಷಾಂಶ ರೇಖಾಂಶಗಳಿರುವ ಈ ಜಿಪಿಎಕ್ಸ್ ಕಡತಕ್ಕೂ ಕೆಲಸ ಒಂದೇ. ‘ಆಫ್‌ಲೈನ್’ ಎಂಬುದಕ್ಕೆ ‘ಸಂಪರ್ಕರಹಿತ ವೀಕ್ಷಣೆ’ ಎಂದು ಬರೆದು, ಓದಿ, ಹೊಡೆದುಹಾಕಿ, ‘ನೆಟ್ ಇಲ್ಲದೆ ನೋಡಿ’ ಎಂದು ತಿದ್ದಿದೆ. ಅದರ ಕೆಳಗೆ ‘ಇಳಿಸಿಕೊಂಡ ದಿನ’ ಎಂಬ ಸಾಲನ್ನೂ ಸೇರಿಸಿದ್ದೇನೆ. ಕಡತ ಇಳಿಸಿಕೊಂಡ ಮೇಲೆ ಡಬ್ಬಿಯನ್ನು ಯಾರಾದರೂ ತೆಗೆದಿದ್ದರೆ ಅದು ನೆಟ್ ಇಲ್ಲದ ಮೊಬೈಲಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಆ ದಿನಾಂಕ ಕಣ್ಣೆದುರೇ ಇರಬೇಕು.

ಸುಳಿವಿನ ವಿಷಯದಲ್ಲಿ ಭಾಷೆಗೆ ಸಂಬಂಧಿಸಿದ ಒಂದು ತೊಡಕಿದೆ. ಈ ಆಟದಲ್ಲಿ ಸುಳಿವನ್ನು ಮೊದಲೇ ಓದಿಬಿಡದಂತೆ ಇಂಗ್ಲಿಷಿನ ಪ್ರತಿ ಅಕ್ಷರವನ್ನೂ 13 ಸ್ಥಾನ ಮುಂದಕ್ಕೆ ತಳ್ಳಿ ತೋರಿಸುವುದು ವಾಡಿಕೆ. ಒಟ್ಟು 26 ಅಕ್ಷರಗಳಿರುವುದರಿಂದ ಅದೇ ಕ್ರಮವನ್ನು ಮತ್ತೊಮ್ಮೆ ಮಾಡಿದರೆ ಮೂಲ ಪಠ್ಯ ಮರಳಿ ಬರುತ್ತದೆ. ಕನ್ನಡದ ಅಕ್ಷರಗಳಿಗೆ ಈ ತಳ್ಳಾಟ ತಾಗುವುದೇ ಇಲ್ಲ. ಕನ್ನಡದಲ್ಲಿ ಬರೆದ ಸುಳಿವು ಮೊದಲ ನೋಟಕ್ಕೇ ತೆರೆದುಕೊಂಡಿರುತ್ತದೆ. ಆದ್ದರಿಂದ ನಮ್ಮ ತಂತ್ರಾಂಶ ಅದನ್ನು ಪೂರ್ತಿಯಾಗಿ ಮರೆಯಲ್ಲಿಟ್ಟು, ಕೇಳಿದಾಗ ಮಾತ್ರ ತೋರಿಸುತ್ತದೆ. ಆ ಗುಂಡಿಗೆ ‘ಸುಳಿವು ಬಿಡಿಸು’ ಎಂದು ಹೆಸರಿಟ್ಟಿದ್ದೇನೆ, ಒಗಟು ಬಿಡಿಸಿದಂತೆ.

ಅಕ್ಷಾಂಶದ್ದು ಇನ್ನೊಂದು ಕಥೆ. ಕಡತದೊಳಗೆ 12.95000 ಎಂದು ದಶಮಾಂಶದಲ್ಲಿರುವುದನ್ನು ಆಟದವರು ಓದುವುದು 12 ಡಿಗ್ರಿ 57.000 ನಿಮಿಷ ಎಂದು. ಪಕ್ಕದ ಮನೆಯ ಒಂಬತ್ತನೆಯ ತರಗತಿಯ ಹುಡುಗಿಯ ಕೈಗೆ ಮೊಬೈಲು ಕೊಟ್ಟೆ. ಪರದೆಯನ್ನು ದಿಟ್ಟಿಸಿ ನೋಡಿ, ‘ಇಲ್ಲಿಂದ ಐವತ್ತೇಳು ನಿಮಿಷ ನಡೀಬೇಕಾ?’ ಎಂದು ಕೇಳಿದಳು. ಅವಳ ತಪ್ಪೇನೂ ಇಲ್ಲ. ಪಂಚಾಂಗದವರು ಅಂಶ, ಕಲೆ, ವಿಕಲೆ ಎಂದು ಕೋನವನ್ನೂ ಗಳಿಗೆ, ವಿಗಳಿಗೆ ಎಂದು ಕಾಲವನ್ನೂ ಬೇರೆ ಬೇರೆ ಪದಗಳಿಂದ ಹೇಳುತ್ತಾರೆ. ಶಾಲೆಯ ಭೂಗೋಳದಲ್ಲಿ ಎರಡಕ್ಕೂ ನಿಮಿಷವೇ. ‘57.000 ಕಲೆ’ ಎಂದರೆ ಗೊಂದಲ ತೀರುತ್ತದೆ, ಆದರೆ ಬಟ್ಟೆಯ ಕಲೆ, ನಾಟ್ಯದ ಕಲೆ ಅಡ್ಡಬರುತ್ತವೆಯೇ? ಇಲ್ಲಿ ನಿಮಿಷದ ಸಾವಿರದಲ್ಲೊಂದು ಭಾಗದ ವ್ಯತ್ಯಾಸವಾದರೂ ನೆಲದ ಮೇಲೆ ಸುಮಾರು 1.85 ಮೀಟರ್ ಆಚೀಚೆ ಆಗುವುದರಿಂದ, ಈ ಅಂಕಿಯನ್ನು ಓದುವವರು ಸರಿಯಾಗಿ ಗ್ರಹಿಸುವುದು ಮುಖ್ಯ.

ಇನ್ನು ‘ಡಬ್ಬಿ’ಗೆ ನಾನೇ ಕಂಡುಕೊಂಡ ಕೊರತೆಯನ್ನು ಹೇಳುತ್ತೇನೆ. ಈ ಆಟದಲ್ಲಿ ಡಬ್ಬಿಯೇ ಇಲ್ಲದ ಬಗೆಗಳೂ ಇವೆ. ಭೂವೈಜ್ಞಾನಿಕ ಮಹತ್ವದ ಜಾಗಕ್ಕೆ ಹೋಗಿ, ಅಲ್ಲಿನ ಕಲ್ಲನ್ನು ಗಮನಿಸಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸುವುದು ಅಂಥದೊಂದು ಬಗೆ. ಲಾಲ್‌ಬಾಗಿನ ಬಂಡೆಯಂಥ ಜಾಗವೇ ಗುರಿಯಾದಾಗ ಅಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ, ಮುಚ್ಚಳ ತೆರೆಯುವಂಥದ್ದೂ ಇಲ್ಲ. ಅದನ್ನೂ ಪಟ್ಟಿಯಲ್ಲಿ ‘ಡಬ್ಬಿ’ ಎಂದೇ ತೋರಿಸಿದರೆ ಸುಳ್ಳಾಗುತ್ತದೆ. ‘ಗುರಿ’ ಎಂಬ ಪದ ಎರಡಕ್ಕೂ ಸಲ್ಲುತ್ತದೆ, ಒತ್ತಕ್ಷರವೂ ಇಲ್ಲ. ಆದರೆ ದಾರಿಯ ನಡುವಿನ ತಿರುವುಗಳಿಗೂ ವಾಹನ ನಿಲ್ಲಿಸುವ ಜಾಗಕ್ಕೂ ಅದನ್ನು ಆಗಲೇ ಕೊಟ್ಟಾಗಿದೆ.

ಆದ್ದರಿಂದ ಬಲ್ಲವರಲ್ಲಿ ನನ್ನ ಕೇಳಿಕೆ ಇಷ್ಟು. ‘ಬಚ್ಚಿಡು’ ಎಂಬುದರಿಂದ, ಬಚ್ಚಿಟ್ಟ ವಸ್ತುವನ್ನೋ ಜಾಗವನ್ನೋ ಸೂಚಿಸುವ ನಾಮಪದ ನಿಮ್ಮ ಊರಿನ ಮಾತಿನಲ್ಲಿ ಬಳಕೆಯಲ್ಲಿದೆಯೇ? ಕುಂದಾಪುರ, ಶಿರಸಿ, ಕಲಬುರಗಿ, ಚಾಮರಾಜನಗರ ಎಲ್ಲಿಯದಾದರೂ ಸರಿ. ಮಕ್ಕಳು ಗೋಲಿಯನ್ನೋ ಹುಣಸೆಕಾಯಿಯನ್ನೋ ಅಡಗಿಸಿಟ್ಟು ಹುಡುಕಿಸುವ ಆಟದಲ್ಲಿ ಆ ವಸ್ತುವಿಗೆ ಏನೆನ್ನುತ್ತಾರೆ? ಹೊಸದಾಗಿ ಟಂಕಿಸಿದ ಪದಕ್ಕಿಂತ ಆಡಿದ ಪದ ಸಿಕ್ಕರೆ ನನಗೆ ಹೆಚ್ಚು ಸಂತೋಷ. ಪದದೊಡನೆ ಅದನ್ನು ಬಳಸುವ ಒಂದು ವಾಕ್ಯವನ್ನೂ, ಅದು ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆಯೋ ಮಕ್ಕಳಿಗೂ ಗೊತ್ತೋ ಎಂಬುದನ್ನೂ ದಯವಿಟ್ಟು ಬರೆಯಿರಿ.