ಮಗಳ ಕೋಣೆಯ ಹಿಂದೆ ಟಿಸಿ (ಟ್ರಾನ್ಸ್‌ಫಾರ್ಮರ್), ಫೋನಿನಲ್ಲಿ 42 ತೋರಿಸ್ತಿದೆ

ತೋಟದಮನೆ, ಶಿರಸಿ:
ನಮ್ಮದು ಬನವಾಸಿ ರಸ್ತೆಯ ಕಡೆ ತೋಟದ ಮನೆ. ಮಗಳ ಕೋಣೆಯ ಗೋಡೆಯಿಂದ ಸುಮಾರು ಆರು ಮೀಟರ್ ದೂರದಲ್ಲಿ 100 ಕೆವಿಎ ಟಿಸಿ ಕೂರಿಸಿದ್ದಾರೆ. ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಅದರ ಮೇಲೇ. ಫೋನಿನ ಆ್ಯಪ್‌ನಲ್ಲಿ ಕಾಂತಕ್ಷೇತ್ರ ಎಷ್ಟಿದೆ ಅಂತ ನೋಡಿದರೆ 42 ಮೈಕ್ರೊಟೆಸ್ಲಾ. ಅವಳ ಮಂಚ ಆ ಗೋಡೆಗೇ ತಾಗಿದೆ. ಗೋಡೆಗೆ ತಗಡು ಹೊಡೆಸಿದರೆ ತಡೆಯುತ್ತದಾ?

ಕದ್ರಾ ಕಡೆಯವ:
ಅಕ್ಕಾ, ಅದೇ ಫೋನ್ ಹಿಡಿದು ತೋಟದ ನಡುವೆ ಹೋಗಿ ನೋಡಿ. ಅಲ್ಲೂ ಹೆಚ್ಚುಕಮ್ಮಿ 40 ಬರುತ್ತದೆ. ಅದು ಭೂಮಿಯದೇ ಕಾಂತಕ್ಷೇತ್ರ. ಫೋನಿನಲ್ಲಿರುವುದು ದಿಕ್ಕು ತೋರಿಸುವ ಸೆನ್ಸರ್. ಕರೆಂಟಿನ ಕ್ಷೇತ್ರ ಸೆಕೆಂಡಿಗೆ 50 ಸಲ ತಿರುಗುತ್ತದೆ, ಅದನ್ನು ಈ ಆ್ಯಪ್ ಸರಿಯಾಗಿ ಹಿಡಿಯುವುದಿಲ್ಲ. ಮೂರು ದಿಕ್ಕಿನಲ್ಲೂ ಅಳೆಯುವ, 50 ಹರ್ಟ್ಸ್‌ಗೆ ಹೊಂದುವ ಗಾಸ್‌ಮೀಟರ್ ಬೇಕು. ಅದರಲ್ಲಿ ಮಿಲಿಗಾಸ್ ಬಂದರೆ ಹತ್ತರಿಂದ ಭಾಗಿಸಿ, ಮೈಕ್ರೊಟೆಸ್ಲಾ ಸಿಗುತ್ತದೆ.

ನಾನು ಸಬ್‌ಸ್ಟೇಷನ್‌ಗಳಲ್ಲೇ ಕೆಲಸ ಮಾಡಿದವನು. ಎಲ್ಲರೂ ಟಿಸಿಯ ಟ್ಯಾಂಕ್ ನೋಡಿ ಹೆದರುತ್ತಾರೆ. ಕಾಂತಕ್ಷೇತ್ರ ಹುಟ್ಟುವುದು ಆಂಪಿಯರ್‌ನಿಂದ, ವೋಲ್ಟೇಜಿನಿಂದಲ್ಲ. ನಿಮ್ಮ ಟಿಸಿಗೆ ಪೂರ್ತಿ ಲೋಡ್ ಬಿದ್ದರೆ ಮೇಲಿನ 11 ಕೆವಿ ತಂತಿಯಲ್ಲಿ 5 ಆಂಪಿಯರ್ ಚಿಲ್ಲರೆ, ಕೆಳಗಿನ ಎಲ್‌ಟಿ (ಕಡಿಮೆ ವೋಲ್ಟೇಜಿನ) ಕೇಬಲ್‌ನಲ್ಲಿ ಸುಮಾರು 133. ಹಾಗಾಗಿ ಎಲ್‌ಟಿ ಪೆಟ್ಟಿಗೆ ಯಾವ ಮಗ್ಗುಲಿಗಿದೆ, ಕೇಬಲ್ ಎಲ್ಲಿಂದ ಹೋಗಿದೆ, ಅದನ್ನು ಮೊದಲು ನೋಡಿ. ಮೂರು ಫೇಸ್ ತಂತಿ ಒಟ್ಟಿಗೇ ಹೋದರೆ ಒಂದರ ಕ್ಷೇತ್ರ ಇನ್ನೊಂದನ್ನು ಕಡಿಮೆ ಮಾಡುತ್ತದೆ. ದೂರ ಸರಿದಂತೆ ಬೇಗ ಇಳಿಯುತ್ತದೆ.

ತಗಡು ಬೇಡ, ಸುಮ್ನೆ ಖರ್ಚು. ಇಟ್ಟಿಗೆ ಗೋಡೆಯೂ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ದೂರ ಒಂದೇ ಉಪಾಯ. ದಿಂಬಿನ ಜಾಗದಲ್ಲಿ ಅಳೆಯಿರಿ, ಪಂಪ್‌ಗಳು ಓಡುವಾಗ ಒಮ್ಮೆ, ನಿಂತಾಗ ಒಮ್ಮೆ. ದಯವಿಟ್ಟು ಟಿಸಿ ಬೇಲಿಯೊಳಗೆ ಮೀಟರ್ ಹಿಡಿದು ಹೋಗಬೇಡಿ. ಅಲ್ಲಿ ಜೀವಕ್ಕೆ ಅಪಾಯ ಶಾಕ್‌ನದು.

ಹೊನ್ನಾವರ ವೈರಿಂಗ್:
ಒಂದು ಮಾತು ಸೇರಿಸುತ್ತೇನೆ. ಕೆಲವು ಮನೆಗಳಲ್ಲಿ ಟಿಸಿಗಿಂತ ಒಳಗಿನ ವೈರಿಂಗೇ ಜಾಸ್ತಿ ತೋರಿಸುತ್ತದೆ. ನ್ಯೂಟ್ರಲ್ ಕರೆಂಟ್ ಬಂದ ದಾರಿಯಲ್ಲಿ ಹಿಂದೆ ಹೋಗದೆ ಅರ್ಥಿಂಗ್ ಹಿಡಿದು ಹೋದರೆ ಕ್ಷೇತ್ರ ಮನೆಯೆಲ್ಲ ಹರಡುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ. ಮೀಟರಿನಿಂದ ಒಳಗೆ ಬರುವ ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವುದು) ಹಾಕಲಿ. ಸೊನ್ನೆಯ ಹತ್ತಿರ ಬರಬೇಕು.

ತೋಟದಮನೆ, ಶಿರಸಿ:
ಎಷ್ಟು ಬಂದರೆ ಹೆದರಬೇಕು?

ಕದ್ರಾ ಕಡೆಯವ:
ಜನಸಾಮಾನ್ಯರಿಗೆ ಐಸಿಎನ್‌ಐಆರ್‌ಪಿ (ಇಂಥ ಕ್ಷೇತ್ರಗಳ ಸುರಕ್ಷಿತ ಮಿತಿ ಸೂಚಿಸುವ ಅಂತರರಾಷ್ಟ್ರೀಯ ಆಯೋಗ) 2010ರಲ್ಲಿ ಹೇಳಿದ ಮಟ್ಟ 200 ಮೈಕ್ರೊಟೆಸ್ಲಾ. ಆರು ಮೀಟರ್ ಆಚೆ ಅಷ್ಟು ಬರುವ ಮಾತೇ ಇಲ್ಲ. ಆದರೆ ಪೂರ್ತಿ ಹೇಳಬೇಕಲ್ವಾ? ಸರಾಸರಿ 0.3–0.4 ಮೈಕ್ರೊಟೆಸ್ಲಾಕ್ಕಿಂತ ಹೆಚ್ಚಿರುವ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ತುಸು ಹೆಚ್ಚು ಕಂಡಿದೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ಕಾರಣ ಇದೇ ಅಂತ ಸಾಬೀತಾಗಿಲ್ಲ. ಅದಕ್ಕೇ 2002ರಲ್ಲಿ ಐಎಆರ್‌ಸಿ (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ) ಇದನ್ನು 'ಕ್ಯಾನ್ಸರ್‌ಕಾರಕ ಇರಬಹುದು' ಎನ್ನುವ 2ಬಿ ಗುಂಪಿಗೆ ಹಾಕಿತು. ಮಂಚ ಎದುರಿನ ಗೋಡೆಗೆ ಸರಿಸಲು ಕಾಸು ಬೇಡ. ಅಳೆಯುವುದಕ್ಕೂ ಮೊದಲೇ ಸರಿಸಿಬಿಡಿ.