ವರಟೆ (ಚುಕ್ಕೆ ಕೊಕ್ಕಿನ ಕಾಡು ಬಾತು) ಮರಿಗಳನ್ನ ಕೆರೆಗೆ ಯಾವಾಗ ಬಿಡೋದು?

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ಮದ್ದೂರು ಹತ್ರ ನಮ್ಮೂರು. ಭತ್ತ ಕೊಯ್ಯೋವಾಗ ಗದ್ದೆ ಬದೂನಲ್ಲಿ ಐದು ಬಾತು ಮರಿ ಸಿಕ್ವು, ತಾಯೀನ ನಾಯಿ ಹಿಡಿದಾಕಿತ್ತು. ಬ್ರಾಯ್ಲರ್ ಫೀಡು, ನುಚ್ಚು, ಆಗಾಗ ಬ್ರೆಡ್ಡು ಹಾಕಿ ಸಾಕ್ತಿದೀವಿ, ಈಗ ಒಂದೂವರೆ ತಿಂಗಳಾಗಿರ್ಬೋದು. ಪುಕ್ಕ ಬಂದಿದೆ, ಹಾರಲ್ಲ, ಮಕ್ಕಳ ಹಿಂದೇನೇ ಓಡಾಡ್ತವೆ. ಒಂದರದ್ದು ರೆಕ್ಕೆ ತುದಿ ಹೊರಕ್ಕೆ ತಿರುಗ್ಕೊಂಡಿದೆ. ಭಾನುವಾರ ಕೆರೆಗೆ ಬಿಟ್ಬಿಡಿ ಅಂತಾರೆ ಅಪ್ಪ, ಬಿಡ್ಲಾ? ಫೋಟೋ ಹಾಕಿದೀನಿ.

ಉತ್ತರ (ಪಶುವೈದ್ಯರು): ಫೋಟೋ ನೋಡ್ದೆ, ಕೊಕ್ಕಿನ ತುದಿ ಹಳದಿ ಬರ್ತಿದೆ, ವರಟೆನೇ. ಈ ಭಾನುವಾರ ಬೇಡ. ಹಾರೋಕೆ ಹುಟ್ಟಿದಾಗಿಂದ ಹೆಚ್ಚೂ ಕಮ್ಮಿ ಎರಡು ತಿಂಗಳು ಬೇಕು, ಹಾರದೇ ಇರೋದನ್ನ ಬಿಟ್ರೆ ಅವತ್ತೇ ನಾಯಿ ಬಾಯಿಗೆ.

ಮೊದ್ಲು ಬ್ರೆಡ್ಡು, ಬ್ರಾಯ್ಲರ್ ಫೀಡು ನಿಲ್ಸಿ. ಆ ಫೀಡು ಕೋಳೀನ ಬೇಗ ತೂಕ ಬರ್ಸೋಕೆ ಮಾಡಿರೋದು, ಬಾತು ಮರಿಗೆ ಪುಕ್ಕದ ಭಾರ ಮೂಳೆಗಿಂತ ಮುಂದೆ ಓಡಿ ರೆಕ್ಕೆ ಮಣಿಕಟ್ಟಲ್ಲಿ ಹೀಗೇ ತಿರುಗೋದು. ಆ ಮರೀನ ಇವತ್ತೇ ಹತ್ರದ ಪಶು ಆಸ್ಪತ್ರೆಗೆ ತೋರ್ಸಿ, ರೆಕ್ಕೆ ಮಡಿಚಿ ಬ್ಯಾಂಡೇಜ್ ಕಟ್ಟಿದ್ರೆ ಕೆಲವು ದಿನದಲ್ಲಿ ಸರಿ ಹೋಗೋ ಚಾನ್ಸ್ ಇದೆ, ಮೂಳೆ ಗಟ್ಟಿಯಾದ್ಮೇಲೆ ಕಷ್ಟ. ಮಿಕ್ಕವಕ್ಕೆ ಕೆರೆ ಪಾಚಿ, ಬಾತು ಸೊಪ್ಪು (ನೀರ ಮೇಲೆ ತೇಲೋ ಪುಟ್ಟ ಎಲೆ), ಎರೆಹುಳ, ನೆನೆಸಿದ ಭತ್ತ ಹಾಕಿ, ತಿನ್ನೋವಾಗ ಕೊಕ್ಕು ಪೂರ್ತಿ ಮುಳುಗೋಷ್ಟು ನೀರು ಪಕ್ಕದಲ್ಲೇ ಇರ್ಲಿ.

ಬಿಡೋ ಮುಂಚೆ ಒಂದ್ ಪರೀಕ್ಷೆ. ದೊಡ್ಡ ಟಬ್ಬಲ್ಲಿ ಹತ್ತು ನಿಮಿಷ ಈಜ್ಸಿ, ಹೊರಗೆ ಬಂದಾಗ ನೀರು ಮಣಿಮಣಿಯಾಗಿ ಜಾರ್ಬೇಕು, ಹೊಟ್ಟೆ ಕೆಳಗಿನ ಪುಕ್ಕ ಸರ್ಸಿ ನೋಡಿದ್ರೆ ಚರ್ಮ ಒಣಗಿರ್ಬೇಕು. ಬಾಲದ ಬುಡದಲ್ಲಿ ಎಣ್ಣೆ ಗ್ರಂಥಿ ಇರುತ್ತೆ, ಕೊಕ್ಕಿಂದ ಅಲ್ಲಿ ಉಜ್ಜಿ ಪುಕ್ಕಕ್ಕೆ ಹಚ್ಕೊಳ್ತವೆ, ಮನೇಲಿ ಒಣಗಿದ ಜಾಗದಲ್ಲೇ ಬೆಳೆದವು ಆ ಅಭ್ಯಾಸ ಸರಿಯಾಗಿ ಮಾಡಿರಲ್ಲ. ಒದ್ದೆಯಾದ್ರೆ ಇನ್ನೂ ರೆಡಿ ಇಲ್ಲ, ದಿನಾ ಈಜಿಸ್ತಾ ಇರಿ.

ಮಕ್ಕಳ ಹಿಂದೆ ಓಡೋದೇ ನಂಗೆ ರೆಕ್ಕೆಗಿಂತ ದೊಡ್ಡ ತಲೆನೋವು. ಹುಟ್ಟಿದ ಒಂದೆರಡು ದಿನದಲ್ಲಿ ಯಾರನ್ನ ನೋಡಿದ್ವೋ ಅವ್ರೇ ತಾಯಿ ಅಂತ ಅಚ್ಚೊತ್ತಿಬಿಡುತ್ತೆ. ಇನ್ಮೇಲೆ ಮುಟ್ಟೋದು, ಮಾತಾಡ್ಸೋದು, ಹೆಸರಿಡೋದು ಎಲ್ಲಾ ಬಂದ್, ಊಟ ಇಟ್ಟು ಎದ್ದು ಬಂದ್ಬಿಡಿ. ಐದೂ ಒಟ್ಟಿಗೇ ಇರ್ಲಿ. ಮನುಷ್ಯರನ್ನ ಕಂಡ್ರೆ ಓಡೋವರ್ಗೂ ಬಿಡ್ಬೇಡಿ, ಇಲ್ಲಾಂದ್ರೆ ಕೆರೆ ಏರಿ ಮೇಲೆ ಕೂತಿರೋರ ಹತ್ರ ತಾವೇ ನಡ್ಕೊಂಡ್ ಹೋಗ್ತವೆ.

ಇನ್ನೊಂದು, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡು ಬಾತು ಮನೇಲಿಟ್ಕೊಳ್ಳೋಕಾಗಲ್ಲ, ಅರಣ್ಯ ಇಲಾಖೆಗೆ 1926ಕ್ಕೆ ಫೋನ್ ಮಾಡಿ ತಿಳ್ಸಿ.

ಪ್ರಶ್ನೆ: ಮಾಡ್ತೀನಿ ಡಾಕ್ಟ್ರೇ. ಪಕ್ಕದ ಮನೆ ಸಾಕು ಬಾತುಕೋಳಿ ಜೊತೆ ಬಿಟ್ರೆ ಈಜೋದು ಬೇಗ ಕಲಿಯಲ್ವಾ?

ಉತ್ತರ: ಬೇಡ ಮಾರಾಯ್ರೆ. ಈಜೋದನ್ನ ಯಾರೂ ಕಲಿಸ್ಬೇಕಿಲ್ಲ, ಅದು ಹುಟ್ಟಿಂದಾನೇ ಬಂದಿರುತ್ತೆ. ಹಕ್ಕಿ ಜ್ವರ, ಬಾತು ಪ್ಲೇಗ್ ಆ ಕಡೆ ಈ ಕಡೆ ದಾಟುತ್ತೆ, ಜೊತೆಗೆ ಮುಂದೆ ಬೆರಕೆ ಸಂತಾನ ಆಗೋ ಸಾಧ್ಯತೆಯೂ ಇದೆ.

ಮತ್ತೊಬ್ಬ ಸದಸ್ಯರು: ಬಿಟ್ಮೇಲೆ ವಾಪಸ್ ಮನೆಗೇ ಬಂದ್ರೆ?

ಉತ್ತರ: ಅದಕ್ಕೇ ನೇರ ಬಿಡೋ ಬದ್ಲು ಕೆರೆ ಅಂಚಲ್ಲಿ, ಜೊಂಡು ಇರೋ ಕಡೆ, ಅರ್ಧ ನೀರು ಅರ್ಧ ನೆಲ ಬರೋ ಹಾಗೆ ಗೂಡು ಕಟ್ಟಿ, ಮೇಲೂ ಜಾಲರಿ ಹಾಕಿ, ಮರಿಗಳನ್ನ ಅದರಲ್ಲಿ ಒಂದು ವಾರ ಇಟ್ಟು ಆಮೇಲೆ ಬಾಗಿಲು ತೆಗೀರಿ. ಅಲ್ಲೇ ಸ್ವಲ್ಪ ದಿನ ಊಟ ಇಡಿ, ದಿನಾ ಕಮ್ಮಿ ಮಾಡ್ತಾ ಬನ್ನಿ. ಬೇರೆ ವರಟೆ ಇರೋ ಕೆರೆ ನೋಡಿ, ಮೀನಿನ ಬಲೆ ಕಟ್ಟೋ ಕೆರೆ ಬೇಡ. ಜಾಗ ಅರಣ್ಯ ಇಲಾಖೆಯವ್ರೇ ಹೇಳಿದ್ರೆ ಇನ್ನೂ ಒಳ್ಳೇದು.