ಸಹಾಯ ಬೇಕು: ರೆಡ್‌ವುಡ್ ಮರದ 66 ವರ್ಣತಂತುಗಳ ಲೆಕ್ಕ

ಎಂಎಸ್ಸಿ ಸೆಮಿನಾರ್‌ಗೆ ಅನಾವೃತಬೀಜ ಸಸ್ಯಗಳ ವರ್ಣತಂತು ವಿಷಯ ತಗೊಂಡಿದೀನಿ. ಪೈನ್‌ಗಳಲ್ಲಿ 24, ಸೈಕಸ್‌ನಲ್ಲಿ 22, ಇಲ್ಲಿವರೆಗೂ ಸಲೀಸು. ಪೈನ್ ಜೀನೋಮ್ ಅಷ್ಟು ದಪ್ಪಗಾಗಿದ್ದು ಮುಖ್ಯವಾಗಿ ಜಿಗಿಯೋ ಡಿಎನ್‌ಎ ತುಣುಕುಗಳಿಂದ ಅನ್ನೋದೂ ತಲೆಗೆ ಹೋಯ್ತು.

ಸಿಕ್ಕಿಕೊಂಡಿರೋದು ಕ್ಯಾಲಿಫೋರ್ನಿಯಾದ ಕರಾವಳಿ ರೆಡ್‌ವುಡ್‌ನಲ್ಲಿ. ಅದರಲ್ಲಿ 66, ಅಂದ್ರೆ ಹೆಕ್ಸಾಪ್ಲಾಯ್ಡ್ (ವರ್ಣತಂತುಗಳ ಆರು ಸೆಟ್)! ಹತ್ತಿರದ ನೆಂಟರಾದ ಜೈಂಟ್ ಸಿಕ್ವೋಯಾ, ಚೀನಾದ ಮೆಟಾಸಿಕ್ವೋಯಾ ಎರಡರಲ್ಲೂ ಬರೀ 22. ಲೈಬ್ರರಿಯ ಹಳೇ ಪುಸ್ತಕ ಬೇರೆ ಪ್ರಭೇದದ ಜೊತೆ ಸಂಕರ ಆಗಿರಬಹುದು ಅನ್ನುತ್ತೆ. ಈಚಿನ ಜೀನೋಮ್ ಲೇಖನಗಳು ಒಂದೇ ವಂಶದ ವರ್ಣತಂತುಗಳೇ ಹೆಚ್ಚಿದ್ದು, ಅಂದ್ರೆ ಆಟೋಪಾಲಿಪ್ಲಾಯ್ಡ್ ಅನ್ನುತ್ತವೆ, ನನಗೂ ಅದೇ ಸರಿ ಅನ್ಸುತ್ತೆ. ಆದ್ರೆ ಮಿಯಾಸಿಸ್‌ನಲ್ಲಿ (ವರ್ಣತಂತು ಸಂಖ್ಯೆ ಅರ್ಧವಾಗೋ ಕೋಶ ವಿಭಜನೆ) ಎರಡಕ್ಕಿಂತ ಹೆಚ್ಚು ವರ್ಣತಂತು ಸೇರಿದ ಗುಂಪುಗಳ ಜೊತೆಗೆ ಎರಡೆರಡರ ಜೋಡಿಗಳೂ ಕಾಣ್ತವಂತೆ.

ಆಟೋಪಾಲಿಪ್ಲಾಯ್ಡ್ ಆಗಿದ್ರೆ ಒಂದೇ ತರದವೆಲ್ಲ ಸೇರಿ ಗುಂಪಾಗಬೇಕಲ್ವಾ, ಜೋಡಿಗಳು ಯಾಕೆ ಬರ್ತವೆ? ಸೈಟಾಲಜಿ (ಕೋಶಶಾಸ್ತ್ರ) ಗೊತ್ತಿರೋರು ಇದೊಂದನ್ನ ಬಿಡಿಸಿ ಹೇಳ್ತೀರಾ?